ಬೆಳೆದ ಮಕ್ಕಳೊಡನೆ ದಕ್ಷಿಣ ಇಟಲಿಗೆ

ಬರುವ ಏಪ್ರಿಲ್ ತಿಂಗಳ ಕಡೆಯಲ್ಲಿ ನಾವು ನಮ್ಮ ಇಬ್ಬರು ಮಕ್ಕಳೊಡನೆ ದಕ್ಷಿಣ ಇಟಲಿಯನ್ನು ನೋಡಿಬರಬೇಕೆಂದು ನಿಶ್ಚಯಿಸಿದ್ದೇವೆ. ಮಗಳಿಗೆ ಈಗ ಹದಿನೇಳು ವರ್ಷ, ಮಗನಿಗೆ ಹದಿಮೂರು. ಪ್ರಯಾಣದ ಏರ್ಪಾಟುಗಳನ್ನೆಲ್ಲ ನಾವು ದಂಪತಿಗಳೇ ಕುಳಿತು ಮುಗಿಸಿ, ಸಿದ್ಧವಾದ ಪಟ್ಟಿಯನ್ನು ಮಕ್ಕಳ ಕೈಗೆ ಕೊಡುವುದು ನಮ್ಮ ಮನೆಯಲ್ಲಿ ಇದುವರೆಗೆ ನಡೆದುಬಂದ ಪದ್ಧತಿ. ಈ ಸಲ ಆ ಪದ್ಧತಿ ಮುರಿಯಿತು. ಅದು ಮುರಿದ ಬಗೆಯನ್ನೂ, ಅದರಿಂದ ನಮಗಾದ ಲಾಭವನ್ನೂ, ಇಂತಹ ಪ್ರಯಾಣವನ್ನು ಯೋಚಿಸುತ್ತಿರುವ ಇತರ ಗೃಹಸ್ಥರಿಗೆ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇವೆ.

ಮೊದಲು ಕಾರಣವಾದುದು ವೀಸಾ ಅರ್ಜಿ. ಇಟಲಿಗೆ ಹೋಗುವ ಭಾರತೀಯರು ಷೆಂಗೆನ್ ವೀಸಾವನ್ನು ಪಡೆಯತಕ್ಕದ್ದು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿಯನ್ನು ಹಾಕಬಹುದು. ಹದಿನೈದು ದಿನಕ್ಕಿಂತ ಕಡಮೆ ಅವಧಿ ಉಳಿಯುವವರೆಗೆ ತಡಮಾಡಕೂಡದು. ಪ್ರತಿಯೊಬ್ಬರಿಗೂ ವೈದ್ಯವೆಚ್ಚಕ್ಕಾಗಿ ಕನಿಷ್ಠ 30,000 ಯೂರೋಗಳ ವಿಮೆ ಬೇಕು. 2024ರ ಜೂನ್ ತಿಂಗಳಿಂದ ಶುಲ್ಕ ದೊಡ್ಡವರಿಗೆ 90 ಯೂರೋ, ಆರು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ 45 ಯೂರೋ. ಹನ್ನೆರಡು ತುಂಬಿತೆಂದರೆ ಪೂರ್ಣ ಶುಲ್ಕವನ್ನು ತೆರಬೇಕು, ಹತ್ತು ಬೆರಳುಗಳ ಅಚ್ಚನ್ನೂ ಕೊಡಬೇಕು. ಈ ನಿಯಮವನ್ನು ನಾವು ಗಟ್ಟಿಯಾಗಿ ಓದಿದಾಗ ಮಗನು ತಲೆಯೆತ್ತಿ, “ಹಾಗಾದರೆ ಅವರ ಲೆಕ್ಕದಲ್ಲಿ ನಾನು ದೊಡ್ಡವನು. ಎಲ್ಲಿಗೆ ಹೋಗೋಣವೆಂದು ನೀವು ಮಾತ್ರ ನನ್ನನ್ನು ಕೇಳಲೇ ಇಲ್ಲ” ಎಂದನು. ನಮಗೆ ಕೂಡಲೆ ಉತ್ತರ ತೋಚಲಿಲ್ಲ.

ನಮ್ಮ ಪಟ್ಟಿ ಆಗಲೇ ಸಿದ್ಧವಾಗಿತ್ತು. ಹನ್ನೆರಡು ದಿನಗಳಲ್ಲಿ ಹನ್ನೊಂದು ಊರು. ಮದುವೆಯಾದ ಹೊಸತರಲ್ಲಿ ನಾವಿಬ್ಬರೇ ಆ ಸೀಮೆಗೆ ಹೋಗಿದ್ದಾಗಲೂ ಹೀಗೆಯೇ ಎಂಟು ದಿನಗಳಲ್ಲಿ ಒಂಬತ್ತು ಊರುಗಳನ್ನು ಸುತ್ತಿದ್ದೆವು. ಈಗ ನೆನಪಿಗೆ ಬರುವುದು ರೈಲು ನಿಲ್ದಾಣದ ಬೆಂಚುಗಳು ಮತ್ತು ಪೆಟ್ಟಿಗೆ ಹೊತ್ತ ಕೈಗಳ ನೋವು. ಆ ತಪ್ಪನ್ನೇ ಮತ್ತೆ ಮಾಡಹೊರಟಿದ್ದೆವು. ಇದಕ್ಕೆ ಕಾರಣವೂ ಇಲ್ಲದಿಲ್ಲ. ಬರುವ ವರ್ಷ ಮಗಳು ಓದಿಗಾಗಿ ದೂರದ ಊರಿಗೆ ಹೋಗುವವಳು. ನಾಲ್ವರೂ ಒಟ್ಟಿಗೆ ಇಷ್ಟು ದಿನ ಕಳೆಯುವ ಅವಕಾಶ ಮುಂದೆ ಯಾವಾಗ ಒದಗುವುದೋ ಎಂಬ ಆತುರದಲ್ಲಿ, ತೋರಿಸುವುದನ್ನೆಲ್ಲ ಈಗಲೇ ತೋರಿಸಿಬಿಡಬೇಕೆಂದು ನಾವು ಆಸೆಪಟ್ಟಿದ್ದೆವು.

ಆ ರಾತ್ರಿ ನಡುಮನೆಯ ನೆಲದ ಮೇಲೆ ಭೂಪಟವನ್ನು ಹರಡಿ ಒಂದು ನಿಯಮವನ್ನು ಮಾಡಿಕೊಂಡೆವು. ಒಬ್ಬೊಬ್ಬರೂ ಒಂದೊಂದು ಸ್ಥಳವನ್ನು ಮಾತ್ರ ಹೆಸರಿಸಬೇಕು. ಅದರ ಚರಿತ್ರೆ, ದಾರಿ, ವೆಚ್ಚ ಇವುಗಳನ್ನು ಅವರೇ ವಿಚಾರಿಸಿ ತಿಳಿದು ಉಳಿದವರಿಗೆ ಹೇಳಬೇಕು. ಯಾರೂ ಹೆಸರಿಸದ ಊರನ್ನು ಬಿಟ್ಟುಬಿಡಬೇಕು. ಹೀಗೆ ಕಾಪ್ರಿ ದ್ವೀಪವೂ ಅಮಾಲ್ಫಿಯ ಕರಾವಳಿಯೂ ಒಂದೇ ಗಳಿಗೆಯಲ್ಲಿ ಬಿದ್ದುಹೋದುವು.

ಮಗನು ಹೆಸರಿಸಿದುದು ಸಿಸಿಲಿಯ ಎಟ್ನ ಪರ್ವತ. ಜ್ವಾಲಾಮುಖಿಗಿಂತಲೂ ಅವನ ಮನಸ್ಸನ್ನು ಸೆಳೆದುದು ಅಲ್ಲಿಗೆ ಹೋಗುವ ದಾರಿ. ಮೆಸ್ಸೀನದ ಜಲಸಂಧಿಯಲ್ಲಿ ರೈಲಿನ ಡಬ್ಬಿಗಳನ್ನೇ ಹಡಗಿನೊಳಕ್ಕೆ ಸಾಗಿಸಿ ದಾಟಿಸುತ್ತಾರೆ. ಆದರೆ ಉಳಿದ ಮೂವರ ಸ್ಥಳಗಳು ನೇಪಲ್ಸಿನಿಂದ ಪೂರ್ವದ ಕಡೆಗಿದ್ದುವು. ಸಿಸಿಲಿಗೆ ಹೋಗಿಬರಲು ನಾಲ್ಕು ದಿನವಾದರೂ ಬೇಕು. ಇದನ್ನು ತಿಳಿಸಿದಾಗ ಅವನು ಎರಡು ದಿನ ಮಾತನಾಡಲಿಲ್ಲ. “ಕೇಳುವುದೇನೋ ಕೇಳುತ್ತೀರಿ, ಕೊಡುವುದಿಲ್ಲ” ಎಂದು ಅಕ್ಕನೊಡನೆ ಹೇಳಿಕೊಂಡನಂತೆ. ಆ ಮಾತು ನಮ್ಮನ್ನು ಚುಚ್ಚಿತು. ಮಕ್ಕಳ ಅಭಿಪ್ರಾಯವನ್ನು ಕೇಳಿದ ಮೇಲೆ ಅದನ್ನು ತಳ್ಳಿಹಾಕುವುದು ಕೇಳದೆ ಇರುವುದಕ್ಕಿಂತ ಕಷ್ಟ. ಮೂರನೆಯ ದಿನ ಭೂಪಟವನ್ನೂ ದಿನಗಳ ಲೆಕ್ಕವನ್ನೂ ಅವನ ಕೈಗೇ ಕೊಟ್ಟು, ನೀನೇ ಹೊಂದಿಸಿ ನೋಡೆಂದೆವು. ಸಂಜೆಯವರೆಗೆ ಕೂಡಿ ಕಳೆದು ನೋಡಿ, ಅವನೇ ಸಿಸಿಲಿಯ ಮೇಲೆ ಗೀಟು ಹಾಕಿ, ಅದರ ಬದಲು ವೆಸೂವಿಯಸ್ಸನ್ನೂ ಪೊತ್ಸುವೊಲಿ ಎಂಬ ಊರನ್ನೂ ಬರೆದು ತಂದನು.

ವೆಸೂವಿಯಸ್ 1281 ಮೀಟರ್ ಎತ್ತರದ ಬೆಟ್ಟ. 1944ರಲ್ಲಿ, ಯುದ್ಧದ ನಡುವೆ, ಕೊನೆಯ ಬಾರಿ ಉರಿದಿತು. ಸುಮಾರು ಸಾವಿರ ಮೀಟರ್ ಎತ್ತರದವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ಬಾಯಂಚಿಗೆ ನಡೆಯಬೇಕು. ದಿನವನ್ನೂ ಗಂಟೆಯನ್ನೂ ಗೊತ್ತುಮಾಡಿ ಚೀಟಿಯನ್ನು ಮುಂಗಡವಾಗಿ ಕೊಳ್ಳತಕ್ಕದ್ದು. ಪೊತ್ಸುವೊಲಿ ನೇಪಲ್ಸಿನ ಪಶ್ಚಿಮಕ್ಕಿದೆ. ಅಲ್ಲಿ ರೋಮನರ ಕಾಲದ ಸಂತೆಕಟ್ಟೆಯೊಂದರ ಮೂರು ಅಮೃತಶಿಲೆಯ ಕಂಬಗಳು ನಿಂತಿವೆ. ಕಂಬಗಳ ಮೇಲೆ, ನೆಲದಿಂದ ಬಹಳ ಎತ್ತರದಲ್ಲಿ, ಸಮುದ್ರದ ಚಿಪ್ಪುಹುಳುಗಳು ಕೊರೆದ ತೂತುಗಳ ಪಟ್ಟಿಯುಂಟು. ಕಂಬಗಳು ಕಟ್ಟಿದಲ್ಲಿಯೇ ಇವೆ; ಅವುಗಳ ಕೆಳಗಿನ ನೆಲವೇ ಕಡಲಿನೊಳಕ್ಕೆ ಇಳಿದು ಮತ್ತೆ ಮೇಲೆದ್ದಿದೆ. ಲೈಯೆಲ್ ಎಂಬ ಭೂವಿಜ್ಞಾನಿ 1830ರಲ್ಲಿ ತನ್ನ ಗ್ರಂಥದ ಮುಖಚಿತ್ರವಾಗಿ ಈ ಕಂಬಗಳನ್ನೇ ಅಚ್ಚುಹಾಕಿಸಿದನು. 1982ರಿಂದ 1984ರೊಳಗೆ ಆ ಊರಿನ ನೆಲ ಸುಮಾರು 1.8 ಮೀಟರ್ ಏರಿತು. 2024ರಲ್ಲಿಯೂ 2025ರಲ್ಲಿಯೂ ಅಲ್ಲಿ ಭೂಮಿ ನಡುಗಿದುದರಿಂದ, ಹೊರಡುವ ವಾರದ ವರ್ತಮಾನವನ್ನು ನೋಡಿಯೇ ಅಲ್ಲಿಗೆ ಹೋಗುವುದೆಂದು ಮಗನು ತಾನಾಗಿ ಷರತ್ತು ಬರೆದುಕೊಂಡಿದ್ದಾನೆ.

ನಮ್ಮಲ್ಲಿ ಒಬ್ಬರು ಹೆಸರಿಸಿದುದು ಪಾಂಪೇಯಿ. ಕ್ರಿ. ಶ. 79ರಲ್ಲಿ ವೆಸೂವಿಯಸ್ಸಿನ ಬೂದಿಯಲ್ಲಿ ಹೂತುಹೋದ ಈ ಪಟ್ಟಣವನ್ನು 1748ರಿಂದ ಅಗೆಯುತ್ತಿದ್ದಾರೆ. ಸುಮಾರು 66 ಹೆಕ್ಟೇರುಗಳಲ್ಲಿ ಮೂರರಲ್ಲೊಂದು ಪಾಲು ಇನ್ನೂ ಮಣ್ಣಿನಡಿಯಲ್ಲಿದೆ. ನೇಪಲ್ಸಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. 2024ರ ನವೆಂಬರ್ ತಿಂಗಳಲ್ಲಿ ದಿನಕ್ಕೆ 20,000 ಮಂದಿಯೆಂದು ಮಿತಿಯನ್ನಿಟ್ಟು, ಚೀಟಿಯಲ್ಲಿ ಹೆಸರನ್ನು ಬರೆಯುವ ಕ್ರಮವನ್ನು ತಂದರು. ನೆರಳು ಕಡಮೆ, ಕಲ್ಲುಹಾದಿ ಏರುಪೇರು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಪಟ್ಟಣದ ಉತ್ತಮ ಚಿತ್ರಗಳು ಬಹುಮಟ್ಟಿಗೆ ನೇಪಲ್ಸಿನ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿರುವುದರಿಂದ, ಮೊದಲು ಬರಿಯ ಗೋಡೆಗಳನ್ನು ಕಂಡು, ಮರುದಿನ ಅವುಗಳ ಚಿತ್ರಗಳನ್ನು ನೋಡುವುದು ಮೇಲು. ಈ ಸಂಗ್ರಹಾಲಯಕ್ಕೆ ಮಂಗಳವಾರ ರಜ.

ಅದೇ ಸಂಗ್ರಹಾಲಯದಲ್ಲಿ ನಮ್ಮ ದೇಶದಿಂದ ಹೋದ ಒಂದು ವಸ್ತುವಿದೆ. 1938ರಲ್ಲಿ ಪಾಂಪೇಯಿಯ ಮನೆಯೊಂದರಲ್ಲಿ ಸಿಕ್ಕಿದ, ಗೇಣುದ್ದಕ್ಕಿಂತ ತುಸು ದೊಡ್ಡದಾದ ದಂತದ ಸ್ತ್ರೀಪ್ರತಿಮೆ. ಪೀಠದಲ್ಲಿ ಖರೋಷ್ಠಿಯ ಅಕ್ಷರವೊಂದಿದೆ. ಲಕ್ಷ್ಮಿಯೆಂದು ಹೆಸರಾಗಿದ್ದರೂ ಯಕ್ಷಿಯೆಂದು ಹೇಳುವ ವಿದ್ವಾಂಸರುಂಟು. ಮೆಣಸಿನ ವ್ಯಾಪಾರದ ಕಾಲದಲ್ಲಿ ಕಡಲು ದಾಟಿದ ಇವಳನ್ನು ನೋಡದೆ ಬರುವುದೆಂತು? ಆದರೆ ಅದನ್ನಿಟ್ಟಿರುವುದು ‘ಗುಪ್ತ ಕೊಠಡಿ’ಯಲ್ಲಿ; ಪ್ರಾಚೀನರ ಶೃಂಗಾರಚಿತ್ರಗಳು ಇರುವುದು ಅಲ್ಲಿಯೇ. ಮಕ್ಕಳನ್ನು ಹೊರಗೆ ನಿಲ್ಲಿಸಿ ನಾವು ನೋಡಿಬರುವುದೋ, ಯಾರೂ ಹೋಗದಿರುವುದೋ ಎಂದು ಬಹಳ ಯೋಚಿಸಿದೆವು. ಕೊನೆಗೆ ಅಲ್ಲಿ ಏನಿದೆಯೆಂಬುದನ್ನು ಇಬ್ಬರಿಗೂ ನೇರವಾಗಿ ಹೇಳಿ, ಬರುವುದೂ ಬಿಡುವುದೂ ಅವರವರ ಇಚ್ಛೆಯೆಂದೆವು. ಮಗಳು ಬರುತ್ತೇನೆಂದಳು. ಮಗನು ಪ್ರತಿಮೆಯವರೆಗೆ ಮಾತ್ರ ಬರುತ್ತೇನೆಂದನು. ಸಂಕೋಚ ಹೆಚ್ಚಾಗಿದ್ದುದು ನಮಗೇ.

ಮಗಳ ಆಯ್ಕೆ ಮಾತೆರ. ಬಂಡೆಯನ್ನು ಕೊರೆದು ಮಾಡಿದ ಗವಿಮನೆಗಳ ಊರು. ನೇಪಲ್ಸಿನಿಂದ ಬಸ್ಸಿನಲ್ಲಿ ಸುಮಾರು ನಾಲ್ಕು ಗಂಟೆ. ಒಂದೇ ಗವಿಯಲ್ಲಿ ಮಕ್ಕಳುಮರಿ, ಕತ್ತೆ, ಕೋಳಿ ಎಲ್ಲವೂ ಇದ್ದು, ಮಲೇರಿಯಾ ಹಬ್ಬಿ, ಶಿಶುಗಳು ಸಾಯುತ್ತಿದ್ದ ಸ್ಥಿತಿಯನ್ನು ಕಾರ್ಲೋ ಲೇವಿ ಎಂಬ ಲೇಖಕನು 1945ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಜಗತ್ತಿಗೆ ತಿಳಿಸಿದನು. 1952ರಲ್ಲಿ ಕಾನೂನು ಮಾಡಿ, ಸುಮಾರು ಹದಿನೈದು ಸಾವಿರ ಜನರನ್ನು ಕ್ರಮವಾಗಿ ಹೊಸ ಬಡಾವಣೆಗಳಿಗೆ ಸಾಗಿಸಿದರು. 1993ರಲ್ಲಿ ಅದೇ ಗವಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. 2019ರಲ್ಲಿ ಮಾತೆರ ಯೂರೋಪಿನ ಸಂಸ್ಕೃತಿಯ ರಾಜಧಾನಿಗಳಲ್ಲಿ ಒಂದಾಯಿತು. ಗವಿಗಳಲ್ಲಿ ಅನೇಕವು ಈಗ ಬೆಲೆಯುಳ್ಳ ಹೋಟೆಲುಗಳು.

ನಾವು ಅಂತಹ ಒಂದರಲ್ಲಿ ಕೋಣೆಯನ್ನು ಗೊತ್ತುಮಾಡಿದ್ದೆವು. ಎಲ್ಲವನ್ನೂ ಓದಿಕೊಂಡು ಬಂದ ಮಗಳು, “ಮಕ್ಕಳು ಸತ್ತ ಕೋಣೆಯಲ್ಲಿ ಮಲಗಲು ಅಷ್ಟು ಹಣ ಕೊಡಬೇಕೆ?” ಎಂದಳು. ನಾವು ವಾದಿಸಿದೆವು. ಗವಿಗಳು ಪಾಳುಬೀಳುವುದಕ್ಕಿಂತ ಬಾಳುವುದು ಒಳ್ಳೆಯದಲ್ಲವೆ, ಅದರಿಂದ ಅಲ್ಲಿನವರಿಗೂ ಜೀವನವಿದೆಯಲ್ಲವೆ ಎಂದೆವು. ಅವಳು ಅದನ್ನು ಅಲ್ಲಗಳೆಯಲಿಲ್ಲ. ತನಗೆ ಮಾತ್ರ ನಿದ್ರೆ ಬಾರದು ಎಂದಳು. ನಮ್ಮ ಅಜ್ಜಿಯ ಮನೆಯಲ್ಲಿಯೂ ದನದ ಕೊಟ್ಟಿಗೆ ಒಂದೇ ಸೂರಿನಡಿಯಲ್ಲಿದ್ದುದೂ, ಅಜ್ಜಿ ಹೆತ್ತ ಒಂಬತ್ತರಲ್ಲಿ ಉಳಿದವರು ಐವರೆಂಬುದೂ ಆಗ ನೆನಪಾಯಿತು. ಕೋಣೆಯನ್ನು ಬಿಟ್ಟು, ಮೇಲಿನ ಪಟ್ಟಣದಲ್ಲಿ ಸಾಧಾರಣ ಮನೆಯೊಂದನ್ನು ಗೊತ್ತುಮಾಡಿದೆವು. ಹಿಂದಿನ ಸಾಮಾನುಗಳೊಡನೆ ಸಜ್ಜುಮಾಡಿಟ್ಟಿರುವ ಗವಿಮನೆಯನ್ನು ನೋಡುವುದು, ಆಮೇಲೆ ಆ ಜನರಿಗಾಗಿ ಊರ ಹೊರಗೆ ಕಟ್ಟಿದ ಲಾ ಮಾರ್ತೆಲ್ಲಾ ಎಂಬ ಹಳ್ಳಿಗೂ ಹೋಗಿಬರುವುದು ಅವಳ ಏರ್ಪಾಟು. ಯಾವ ಪ್ರವಾಸಪತ್ರಿಕೆಯೂ ನಮ್ಮನ್ನು ಆ ಹಳ್ಳಿಗೆ ಕಳುಹಿಸುತ್ತಿರಲಿಲ್ಲ.

ನಾಲ್ಕನೆಯದು ಬ್ರಿಂಡಿಸಿ ಬಂದರು. ಕ್ರಿ. ಪೂ. 312ರಲ್ಲಿ ರೋಮಿನಿಂದ ಆರಂಭಿಸಿದ ಅಪ್ಪಿಯನ್ ಹೆದ್ದಾರಿ ಮುಂದೆ ಬೆಳೆದು ಮುಗಿದುದು ಇಲ್ಲಿ. 1870ರಿಂದ ಅನೇಕ ವರ್ಷಗಳ ಕಾಲ ವಿಲಾಯತಿಯ ಅಂಚೆ ರೈಲಿನಲ್ಲಿ ಇಲ್ಲಿಗೆ ಬಂದು ಮುಂಬಯಿಯ ಹಡಗನ್ನೇರುತ್ತಿತ್ತು. ದುಂಡುಮೇಜಿನ ಪರಿಷತ್ತಿನಿಂದ ಬರಿಗೈಯಲ್ಲಿ ಮರಳಿದ ಗಾಂಧೀಜಿಯವರು 1931ರ ಡಿಸೆಂಬರ್ 14ರಂದು ಹಡಗು ಹತ್ತಿದುದೂ ಇಲ್ಲಿಯೇ. ಮಾತೆರದಿಂದ ಬಾರಿಗೆ ಕಿರುಹಳಿಯ ರೈಲು. ದಾರಿಯಲ್ಲಿ ರೊಟ್ಟಿಗೆ ಹೆಸರಾದ ಆಲ್ತಮೂರ. ಬಾರಿಯಿಂದ ಲೆಚ್ಚೆಗೆ ಹೋಗಿ ಬಿಡಾರ ಮಾಡಿದರೆ ಬ್ರಿಂಡಿಸಿ ಅರ್ಧ ಗಂಟೆಯ ದಾರಿ.

ಇನ್ನು ಕೆಲವು ಉಪಯುಕ್ತ ಸಂಗತಿಗಳು. ನಮ್ಮ ಶಾಲೆಗಳ ಬೇಸಗೆ ರಜದ ಕಾಲ ಅಲ್ಲಿ ವಸಂತ. ಜುಲೈ ಆಗಸ್ಟ್‌ಗಳ ಬಿಸಿಲಿಗಿಂತ ಎಷ್ಟೋ ಹಿತ. ಏಪ್ರಿಲ್ 25, ಮೇ 1 ಸಾರ್ವಜನಿಕ ರಜ. ಆಗ ಜನಸಂದಣಿ ಹೆಚ್ಚು. ಸರ್ಕಾರದ ಸಂಗ್ರಹಾಲಯಗಳಲ್ಲಿ ಹದಿನೆಂಟು ತುಂಬದವರಿಗೆ ಪ್ರವೇಶ ಉಚಿತ. ವಯಸ್ಸಿನ ರುಜುವಾತಿಗೆ ಪಾಸ್‌ಪೋರ್ಟು ಜೊತೆಯಲ್ಲಿರಲಿ. ಶಾಕಾಹಾರಿಗಳಿಗೆ ತೊಂದರೆ ಕಡಮೆ. ‘ಮರಿನಾರ’ ಎಂಬ ಪಿಟ್ಸದ ಹೆಸರಿನಲ್ಲಿ ಕಡಲಿದ್ದರೂ ಅದರಲ್ಲಿರುವುದು ಟೊಮೇಟೊ, ಬೆಳ್ಳುಳ್ಳಿ, ಎಣ್ಣೆ, ಸೊಪ್ಪು ಮಾತ್ರ. ಬೇಯಿಸಿ ಕಡೆದ ಒಣ ಅವರೆಯಂತಹ ಕಾಳನ್ನು ಕಹಿಸೊಪ್ಪಿನೊಡನೆ ಬಡಿಸುವ ಪೂಲ್ಯಾ ಸೀಮೆಯ ಅಡುಗೆ ನಮ್ಮ ಮಸ್ಸೊಪ್ಪಿನ ನೆಂಟ. ಸೊಪ್ಪಿನ ಪಾಸ್ತದಲ್ಲಿ ಸಣ್ಣ ಮೀನು ಸೇರಿಸುವುದುಂಟು, ಪಾರ್ಮ ಸೀಮೆಯ ಗಿಣ್ಣನ್ನು ಕರುವಿನ ಜಠರದ ರಸದಿಂದ ಹೆಪ್ಪುಗಟ್ಟಿಸುತ್ತಾರೆ, ಕೇಳಿಯೇ ಉಣ್ಣಬೇಕು. ರಾತ್ರಿಯ ಊಟ ಏಳೂವರೆಗೆ ಮೊದಲು ಸಿಕ್ಕುವುದು ಅಪರೂಪ. ಬೆಳೆಯುವ ಹುಡುಗನ ಚೀಲದಲ್ಲಿ ರೊಟ್ಟಿ ಇರಲಿ.

ಹೀಗೆ ನೇಪಲ್ಸಿನಲ್ಲಿ ಐದು ರಾತ್ರಿ, ಮಾತೆರದಲ್ಲಿ ಎರಡು, ಲೆಚ್ಚೆಯಲ್ಲಿ ನಾಲ್ಕು. ಹನ್ನೊಂದು ಊರುಗಳ ಪಟ್ಟಿ ಮೂರು ಬಿಡಾರಗಳಾಯಿತು. ಲೆಚ್ಚೆಯ ಒಂದು ದಿನದೆದುರು ಏನನ್ನೂ ಬರೆದಿಲ್ಲ. ಅಂದು ಏನು ಮಾಡುವುದೆಂಬುದನ್ನು ಅಂದಿನ ಬೆಳಗ್ಗೆ ನಾಲ್ವರೂ ಕೂಡಿ ತೀರ್ಮಾನಿಸುವುದೆಂದು ಮಾತಾಗಿದೆ.

ನಿನ್ನೆ ರಾತ್ರಿ ಸಂಗ್ರಹಾಲಯದ ಚೀಟಿಗಳ ಲೆಕ್ಕವನ್ನು ಬರೆಯುತ್ತಿದ್ದಾಗ, ಮಕ್ಕಳಿಬ್ಬರ ಹೆಸರಿನೆದುರು ಸೊನ್ನೆಯನ್ನು ಹಾಕಿದೆವು. ವೀಸಾದ ಲೆಕ್ಕದಲ್ಲಿ ಅವರು ದೊಡ್ಡವರು, ಇಲ್ಲಿ ಇನ್ನೂ ಮಕ್ಕಳು. ಮಗಳು ಅದನ್ನು ನೋಡಿ, “ನನಗೆ ಇದೇ ಕೊನೆಯ ಸೊನ್ನೆ” ಎಂದು ನಕ್ಕಳು. ನಾವೂ ನಕ್ಕು, ಕಾಗದವನ್ನು ಮಡಿಸಿ ಪಾಸ್‌ಪೋರ್ಟುಗಳ ಜೊತೆಯಲ್ಲಿ ಇಟ್ಟೆವು.