ಎರಿ ಹೊಲದಲ್ಲಿ ಮೂವತ್ತು–ನಲವತ್ತು

ಕಾಲಡಿಯ ನೆಲ ಅಂಗೈ ಇಳಿಯುವಷ್ಟು ಬಾಯಿ ಬಿಟ್ಟಿದೆ. ಅದರ ಮೇಲೆ ಬಿಳಿ ಸುಣ್ಣದ ಗೆರೆ, ಗೆರೆಯೊಳಗೆ ನೀವು. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ. ಗುಂಟೆ ಲೆಕ್ಕದಲ್ಲಿ ಹೇಳಿದರೆ ಒಂದು ಗುಂಟೆಯ ಮೇಲೆ 111 ಚದರಡಿ. ನಾಲ್ಕು ಮೂಲೆಗೂ ಹಳದಿ ಬಳಿದ ಕಲ್ಲು ನೆಟ್ಟಿದ್ದಾರೆ. ಎದುರಿಗಿರುವುದು ಮೂವತ್ತಡಿ ರಸ್ತೆ ಎಂದು ಏಜೆಂಟ್ ಕೈ ತೋರಿಸುತ್ತಾನೆ. ನಿಮಗೆ ಕಾಣುವುದು ಹೋದ ವರ್ಷದ ಹತ್ತಿ ಕಟ್ಟಿಗೆ.

"ಇನ್ನ ಮೂರ ಪ್ಲಾಟ್ ಅಷ್ಟ ಉಳದಾವ್ರಿ ಸರ. ಸಂಜಿಮಟ ಅವೂ ಇರಂಗಿಲ್ಲ."

ಜೂನ್ ತಿಂಗಳ ಮೊದಲ ಭಾನುವಾರ. ಬಿಸಿಲು ನೆತ್ತಿಯನ್ನು ಒತ್ತುತ್ತಿದೆ. ಅಂಗಿಯ ಒಳಜೇಬಿನಲ್ಲಿ ಸಂಚಕಾರದ ಹಣ ಬೆವರಿಗೆ ಮೆತ್ತಗಾಗಿ ಎದೆಗೆ ಅಂಟಿಕೊಂಡಿದೆ. ಪ್ರತಿ ಉಸಿರಿಗೂ ಅದರ ಅಂಚು ಚುಚ್ಚುತ್ತದೆ. ಉಳಿದ ಹಣ ನಿಮ್ಮೂರು ಐರಣಿಯಲ್ಲಿದೆ, ನೋಟಾಗಿ ಅಲ್ಲ, ಹೊಳೆ ದಂಡೆಯ ಒಂದು ಎಕರೆಯಾಗಿ. ನೀವು ಹ್ಞೂಂ ಅಂದರೆ ಅಣ್ಣ ನಾಳೆಯೇ ಗಿರಾಕಿಯನ್ನು ಕರೆಸುತ್ತಾನೆ.

ಯಾಕೆ ಬೇಕು ಈ ಊರು ಎಂದು ನಿಮ್ಮನ್ನು ಯಾರೂ ಕೇಳುವುದಿಲ್ಲ. ರಾಣೆಬೆನ್ನೂರು ಎಂದರೆ ಸಾಕು, ಎಲ್ಲರೂ ತಲೆಯಾಡಿಸುತ್ತಾರೆ. 1997ರಲ್ಲಿ ಧಾರವಾಡದಿಂದ ಒಡೆದು ಹಾವೇರಿ ಜಿಲ್ಲೆಯಾದಾಗ ಕಚೇರಿಗಳು ಹಾವೇರಿಗೆ ಹೋದವು, ವ್ಯಾಪಾರ ಇಲ್ಲೇ ಉಳಿಯಿತು. 2011ರ ಜನಗಣತಿಯಲ್ಲಿ ಹಾವೇರಿ 67 ಸಾವಿರ, ಇದು 1 ಲಕ್ಷ 6 ಸಾವಿರ. ಆಮೇಲೆ ಎಷ್ಟು ಬೆಳೆಯಿತು ಎನ್ನುವುದಕ್ಕೆ ನೀವು ನಿಂತಿರುವ ಹೊಲವೇ ಸಾಕ್ಷಿ. ಬೆಂಗಳೂರು–ಪುಣೆ ಹೆದ್ದಾರಿಯ ಲಾರಿಗಳ ಹಾರನ್ನು ಇಲ್ಲಿಗೆ ಕೇಳಿಸುತ್ತದೆ, ಅದರ ಹಿಂದೆ ಹುಬ್ಬಳ್ಳಿ ರೈಲಿನ ಶಿಳ್ಳೆ. ಸುತ್ತಲ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಬಗ್ಗಿ ನಿಂತು ಹತ್ತಿ ಹೂವಿಗೆ ಕ್ರಾಸಿಂಗ್ ಮಾಡಿದ ಬೀಜದ ದುಡ್ಡು ಈ ಊರಿನ ಅಂಗಡಿ ಸಾಲಾಗಿದೆ, ಆಸ್ಪತ್ರೆಯಾಗಿದೆ, ಮೂರಂತಸ್ತಿನ ಮನೆಯಾಗಿದೆ. ಅವ್ವನ ಮೊಣಕಾಲಿಗೆ ಡಾಕ್ಟರು ಬೇಕು, ಮಗಳಿಗೆ ಕಾಲೇಜು ಬೇಕು. ಐರಣಿಯಿಂದ ದಿನಾ ಬಸ್ಸು ಕಾದು ಸಾಕಾಗಿದೆ.

ಬ್ಯಾಡಗಿಯನ್ನೂ ನೋಡಿ ಬಂದಿದ್ದೀರಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಮಾರುಕಟ್ಟೆಯ ಬೀದಿಗೆ ಕಾಲಿಟ್ಟ ತಕ್ಷಣ ಗಂಟಲು ಕಟ್ಟಿತು, ಕಣ್ಣಲ್ಲಿ ನೀರು. ಅಲ್ಲಿನವರು ಕೆಮ್ಮದೆ ನಗುತ್ತ ಚೀಲ ಹೊರುತ್ತಿದ್ದರು. ಹಾವೇರಿಯಲ್ಲಿ 2022ರಿಂದ ವೈದ್ಯಕೀಯ ಕಾಲೇಜಿದೆ, ಜಿಲ್ಲಾಧಿಕಾರಿ ಇದ್ದಾರೆ. ಆದರೆ ನಿಮ್ಮವರೆನ್ನುವವರು ಯಾರೂ ಇಲ್ಲ. ಅಲ್ಲಿಗೆ ಆ ಎರಡೂ ಊರುಗಳ ಮಾತು ಮುಗಿಯಿತು.

ಪಡುವಣದಲ್ಲಿ ಏನೋ ಕಪ್ಪಾಗುತ್ತಿದೆ. ಏಜೆಂಟ್ ನೋಡಿಲ್ಲ. ಅವನು ಮೊಬೈಲಿನಲ್ಲಿ ಲೇಔಟಿನ ನಕ್ಷೆ ತೋರಿಸುತ್ತಿದ್ದಾನೆ: ಹಸಿರು ಉದ್ಯಾನ, ನೀಲಿ ನೀರಿನ ಟ್ಯಾಂಕು, ಸಾಲು ಮರ. ಹೋದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಾಗಿದೆ, ಬರುವ ವರ್ಷ ಎಷ್ಟಾಗಲಿದೆ ಎಂದು ಚದರಡಿ ದರವನ್ನು ಜಾತಕದಂತೆ ಓದುತ್ತಾನೆ. ಆ ದರ ಪೂರ್ತಿ ಹೆದ್ದಾರಿಯ ದೂರದ ಮೇಲೆ ನಿಂತಿದೆ. ಮಣ್ಣಿನ ಸುದ್ದಿ ಒಂದು ಸಲವೂ ಬಂದಿಲ್ಲ. ನೀವಾದರೂ ಬಗ್ಗಿ ಒಂದು ಹೆಂಟೆ ಎತ್ತಿಕೊಳ್ಳಿ. ಕಲ್ಲಿನಷ್ಟು ಗಟ್ಟಿ, ಕಪ್ಪಗೆ, ಅಂಚು ಹರಿತ. ಶುದ್ಧ ಎರಿ. ನೀರು ಕುಡಿದರೆ ಉಬ್ಬುವುದು, ಒಣಗಿದರೆ ಕುಗ್ಗುವುದು ಇದರ ಜಾಯಮಾನ. ಹತ್ತಿಗೆ ತಾಯಿ, ಗೋಡೆಗೆ ಶತ್ರು. ಗರಸು ಸಿಗುವವರೆಗೆ ಅಗೆದು ಪಾಯ ಹಾಕಬೇಕು, ಇಲ್ಲವೇ ಕಾಲಮ್ಮು, ಪ್ಲಿಂತ್ ಬೀಮು ಎಂದು ಕಬ್ಬಿಣಕ್ಕೆ ಸುರಿಯಬೇಕು. ಪ್ಲಾಟಿನ ದರದಲ್ಲಿ ಈ ಲೆಕ್ಕ ಇಲ್ಲ.

ಗಾಳಿ ಒಮ್ಮೆಲೇ ತಣ್ಣಗಾಗುತ್ತದೆ.

ಮೊದಲ ಹನಿ ಕೈಮೇಲೆ ಬೀಳುತ್ತದೆ, ನಾಣ್ಯದಷ್ಟು ದಪ್ಪ. ಒಣ ಎರಿ ನೆನೆದ ಆ ವಾಸನೆ ಮೂಗಿಗೆ ಬರುವಷ್ಟರಲ್ಲಿ ನೂರು ಹನಿ, ಸಾವಿರ ಹನಿ. ಏಜೆಂಟ್ ಕಾರಿನ ಕಡೆ ಓಡುತ್ತಾನೆ. ನೀವು ಬೈಕಿನ ಕಡೆ. ಎರಡು ಹೆಜ್ಜೆ. ಚಪ್ಪಲಿಗೆ ಮಣ್ಣು ಹತ್ತುತ್ತದೆ. ನಾಲ್ಕು ಹೆಜ್ಜೆ. ಒಂದೊಂದು ಕಾಲೂ ಸೇರು ಭಾರ. ಚಪ್ಪಲಿ ಅಲ್ಲೇ ಉಳಿಯುತ್ತದೆ, ಪಾದ ಮಾತ್ರ ಬರುತ್ತದೆ. ಬೈಕ್ ಹತ್ತುತ್ತೀರಿ, ಗೇರು ಹಾಕುತ್ತೀರಿ, ಹತ್ತು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡಿನೊಳಗೆ ಎರಿ ತುಂಬಿ ಮುಂದಿನ ಗಾಲಿ ಗಪ್ಪನೆ ನಿಲ್ಲುತ್ತದೆ. ಕೈಯಿಂದ ಕೆರೆದರೆ ಉಗುರಿಗೆ ಬರುತ್ತದೆ, ಗಾಲಿಯಿಂದ ಬಿಡುವುದಿಲ್ಲ. ಸಿಡಿಲು. ಎಲ್ಲಿ ಬಡಿಯಿತೋ! ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರ ಇರುವುದು ನೀವೇ ಎನ್ನುವುದು ಬೆನ್ನುಹುರಿಗೆ ಮೊದಲು ತಿಳಿಯುತ್ತದೆ. ಎಡಗೈ ಎದೆಯ ಮೇಲೆ, ಹಣ ತೊಯ್ಯದಂತೆ. ಓಡಿ. ಅಲ್ಲೊಂದು ಮನೆ ಇದೆ, ಇಡೀ ಲೇಔಟಿಗೆ ಒಂದೇ ಮನೆ. ಓಡಿ.

"ಬರ್ರಿ ಒಳಗ, ತೊಯ್ಸಿಕೋಬ್ಯಾಡ್ರಿ. ಪ್ಲಾಟ್ ನೋಡಾಕ ಬಂದಿರೇನು?"

ಆ ತಾಯಿ ಟವೆಲ್ಲು ಕೊಡುತ್ತಾರೆ. ಪಡಸಾಲೆಯಲ್ಲಿ ಇನ್ನೂ ಸಿಮೆಂಟಿನ ಹಸಿ ವಾಸನೆ, ಅದರ ಕೆಳಗೆ ಬೇರೆ ಏನೋ ಹುಳಿ ವಾಸನೆ: ಹೊರಗಿನ ಗುಂಡಿಯಲ್ಲಿ ನಿಂತ ಬಚ್ಚಲ ನೀರು. ಗಟಾರ ಇಲ್ಲ. ಐರಣಿಯವರಿಗೆ ನೀರಿನ ವಾಸನೆ ಬೇಗ ತಿಳಿಯುತ್ತದೆ. ಮೇಲುಗಡೆ ಕುಮಾರಪಟ್ಟಣದ ಕಾರ್ಖಾನೆಯಿಂದ ಹೊಳೆಗೆ ಬಂದ ನೀರಿನ ಕಥೆ, ಎಂಬತ್ತರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ಅದರ ವಿರುದ್ಧ ನಡೆಸಿದ ಹೋರಾಟದ ಕಥೆ ಕೇಳಿಯೇ ಬೆಳೆದವರು ನೀವು.

"ನಲ್ಲಿ ಐತೇನ್ರಿ?"

"ಎಲ್ಲಿ ನಲ್ಲಿ? ಊರಾಗ ಹೊಳಿ ನೀರು ಬರತೈತಿ, ಇದು ಪಂಚಾಯ್ತಿ ಹದ್ದ್ರಿ. ಬೋರಿಂದ ಕುಡಿಯಾಕ ಆಗಂಗಿಲ್ಲ, ಸವಳ."

ಗೋಡೆ ನೋಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕು, ಅದರ ಮೇಲೆ ಎರಡು ಸಲ ಲಪ್ಪ ಹಚ್ಚಿದ ಗುರುತು. ಕಿರುಬೆರಳು ಇಟ್ಟರೆ ಉಗುರು ಪೂರ್ತಿ ಒಳಗೆ ಹೋಗುತ್ತದೆ, ಒಳಗೆ ತಣ್ಣಗಿದೆ. ನಿಮ್ಮ ಬೆರಳು ಅಲ್ಲಿರುವಾಗಲೇ ಆಕೆ ಹೇಳುತ್ತಾರೆ: "ನಾವೂ ಬ್ಯಾಸಗ್ಯಾಗ ನೋಡಿ ತಗೊಂಡವ್ರ ರೀ."

ಹೊರಗೆ ಶಬ್ದ ಬದಲಾಗಿದೆ. ಮಳೆಯ ಸದ್ದಿನ ಒಳಗೆ ಇನ್ನೊಂದು ಸದ್ದು, ಗೊಳಗೊಳ. ಬಾಗಿಲಿಗೆ ಬಂದು ನೋಡುತ್ತೀರಿ. ಸುಣ್ಣದ ಗೆರೆಗಳು ಕರಗಿ ಹೋಗಿವೆ. ಮೇಲಿನ ಹೊಲಗಳ ನೀರೆಲ್ಲ ಕೂಡಿ ಒಂದು ಕೆಂಗಪ್ಪು ಹರಿವು ಲೇಔಟಿನ ನಡುವೆ ಇಳಿಯುತ್ತಿದೆ, ಯಾರನ್ನೂ ಕೇಳದೆ, ಹಳೆ ದಾರಿ ಗೊತ್ತಿದ್ದವರ ಹಾಗೆ. ಅದು ಹಳ್ಳ. ನಕ್ಷೆಯಲ್ಲಿ ಅದೇ ಉದ್ಯಾನ, ಅದೇ ಮೂವತ್ತಡಿ ರಸ್ತೆ. ಹಳದಿ ಕಲ್ಲು ಒಂದು ಮುಳುಗುತ್ತದೆ. ಎರಡನೆಯದು. ನಿಮ್ಮ ಪ್ಲಾಟು ಯಾವುದು? ಎಣಿಸಿ: ಕಂಬದಿಂದ ಮೂರನೆಯದು. ಹೊಟ್ಟೆಯಲ್ಲಿ ಏನೋ ಜಾರಿದಂತಾಗುತ್ತದೆ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿದಾಗಲೂ ಹೀಗೇ ಆಗಿತ್ತು, ಆದರೆ ಹೊಳೆ ಅಲ್ಲಿದೆ ಎನ್ನುವುದಾದರೂ ಎಲ್ಲರಿಗೂ ಗೊತ್ತಿತ್ತು. ಐರಣಿಯಲ್ಲಿ ಕೋಟೆ ಕಟ್ಟಿದವರು ಹೊಳೆ ಎಲ್ಲಿಯವರೆಗೆ ಬರುತ್ತದೆ ಎಂದು ನೋಡದೆ ಕಲ್ಲಿನ ಮೇಲೆ ಕಲ್ಲು ಇಟ್ಟಿರಲಾರರು. ಈ ಲೇಔಟಿನಲ್ಲಿ ಟೇಪು ಹಿಡಿದವರು ಹೆದ್ದಾರಿಯನ್ನು ಮಾತ್ರ ನೋಡಿದ್ದಾರೆ.

ಮಳೆ ಎಷ್ಟು ಬೇಗ ಬಂತೋ ಅಷ್ಟೇ ಬೇಗ ನಿಲ್ಲುತ್ತದೆ. ಡಾಂಬರು ರಸ್ತೆಯ ಅಂಚಿನಲ್ಲಿ ಕಾರು ನಿಲ್ಲಿಸಿಕೊಂಡು ಏಜೆಂಟ್ ಕಾಯುತ್ತಿದ್ದಾನೆ. ಬರಿಗಾಲಲ್ಲಿ, ಬೈಕನ್ನು ಅರ್ಧ ನೂಕಿ ಅರ್ಧ ಎತ್ತಿ, ಸೊಂಟ ಹಿಡಿದುಕೊಂಡು ನೀವು ಅಲ್ಲಿಗೆ ಮುಟ್ಟುತ್ತೀರಿ. ಅವನು ಬಾನೆಟ್ಟಿನ ಮೇಲೆ ಪತ್ರಿಕೆ ಹಾಸಿ, ಅದರ ಮೇಲೆ ಸಂಚಕಾರ ಪತ್ರ ಇಡುತ್ತಾನೆ. ಪೆನ್ನು ನಿಮ್ಮ ಕೈಗೇ ಬರುತ್ತದೆ.

"ಉತಾರ ತೋರಸ್ರಿ."

ಸ್ವಲ್ಪ ತಡೆದು ಮೊಬೈಲು ತೆರೆಯುತ್ತಾನೆ. ಪಹಣಿಯಲ್ಲಿ ಇನ್ನೂ ಖುಷ್ಕಿ ಜಮೀನು, ಬೆಳೆ ಹತ್ತಿ.

"ಎನ್‌ಎ ಆಗಿಲ್ಲಲ್ರೀ ಇದು?"

"ಫೈಲ್ ಮೂವ್ ಆಗೈತ್ರಿ ಸರ. ಹದಿನೈದ ದಿನ. ಅಷ್ಟರಾಗ ರೇಟ್ ಏರತೈತಿ, ಅದಕ್ಕ ಈಗ ಹಿಡೀರಿ ಅನ್ನಾಕತ್ತೀನಿ."

ಈಗ ನಿಮಗೆ ಬೇಕಾದದ್ದು ಇಷ್ಟು ತಿಳಿವಳಿಕೆ, ಬೇಗ ಹೇಳಿಬಿಡುತ್ತೇನೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ, ಅಂದರೆ ಎನ್‌ಎ, ಆಗದೆ ಹೊಲ ಮನೆಯ ಜಾಗ ಆಗುವುದಿಲ್ಲ. ಅದಾದ ಮೇಲೂ ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. 500 ಚದರ ಮೀಟರಿಗೆ ಮೀರಿದ ಲೇಔಟು ರೇರಾದಲ್ಲಿ ನೋಂದಣಿ ಆಗದೆ ಮಾರಾಟಕ್ಕೆ ಇಡುವಂತಿಲ್ಲ, ಒಪ್ಪಂದವನ್ನು ನೋಂದಾಯಿಸದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ನಗರಸಭೆಯ ಹದ್ದಿನೊಳಗಾದರೆ ಇ-ಖಾತಾ, ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11; ಇವಿಲ್ಲದೆ ಉಪನೋಂದಣಿ ಕಚೇರಿಯ ಬಾಗಿಲಿಗೆ ಹೋಗಿಯೂ ಉಪಯೋಗವಿಲ್ಲ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ, ಮುದ್ರಾಂಕ ಸೇರಿ ಲಕ್ಷಕ್ಕೆ ಏಳೂವರೆ ಸಾವಿರ ದಾಟುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಕೈ ನಡುಗುತ್ತದೆ. ಏಕೆಂದರೆ ಅವನು ಹೇಳುವುದು ಪೂರ್ತಿ ಸುಳ್ಳಲ್ಲ. ರೇಟು ಏರುತ್ತದೆ. ಹೀಗೆಯೇ ಹಿಂದೆ ಸರಿದ ನಿಮ್ಮ ಸೋದರಮಾವ ಇಂದಿಗೂ ಆ ಮಾತಾಡಿ ಹಲ್ಲು ಕಡಿಯುತ್ತಾನೆ. ಹಳ್ಳದಲ್ಲೇ ಮನೆ ಕಟ್ಟಿದವರಿಗೂ ಆಮೇಲೆ ರಸ್ತೆ ಬಂದಿದೆ, ನಲ್ಲಿ ಬಂದಿದೆ, ಸಕ್ರಮದ ಹೆಸರಲ್ಲಿ ಕಾಗದವೂ ಬಂದಿದೆ. ಮಾರುವುದಕ್ಕಾದರೆ ಇದು ಒಳ್ಳೆಯ ಪ್ಲಾಟು. ಅವ್ವನನ್ನು ಕರೆತಂದು ಇರಿಸುವುದಕ್ಕೆ? ಮೊಣಕಾಲು ನೋಯುವ ಅವ್ವ ಆ ಎರಿಯಲ್ಲಿ ಹೆಜ್ಜೆ ಕೀಳುವುದನ್ನು ಒಮ್ಮೆ ನೆನೆದುಕೊಳ್ಳಿ. ನಿಮ್ಮ ಮೀನಖಂಡ ಇನ್ನೂ ಸೆಳೆಯುತ್ತಿದೆ.

ಪೆನ್ನಿನ ಟೊಪ್ಪಿಗೆ ಹಾಕಿ ಬಾನೆಟ್ಟಿನ ಮೇಲೆ ಇಡುತ್ತೀರಿ. "ಎನ್‌ಎ ಆರ್ಡರ್ ಬರಲಿ, ನೋಡೂಣು."

"ಸಿಗಂಗಿಲ್ರಿ ಮತ್ತ."

"ಇರಲಿ ಬಿಡ್ರಿ."

ಮೆಡ್ಲೇರಿ ರಸ್ತೆಯ ಚಹಾದಂಗಡಿಯ ಮುಂದೆ ಕಾಲು ತೊಳೆದುಕೊಂಡು ಅಣ್ಣನಿಗೆ ಫೋನು ಮಾಡುತ್ತೀರಿ. ಎಕರೆ ಮಾರುವ ಮಾತು ತಡಿ ಅಂದರೆ ಆ ಕಡೆ ಸಿಟ್ಟು. ಮಗಳ ಕಾಲೇಜು ಈ ತಿಂಗಳೇ ಶುರು, ಹಂಗಾದ್ರ ಏನ್ ಮಾಡತಿ? ಬಾಡಿಗಿ ಹಿಡೀತೀನಿ, ಅನ್ನುತ್ತೀರಿ. ಒಂದು ಮಳಿಗಾಲ ಊರಾಗಿದ್ದು ನೋಡತೀನಿ, ಎಲ್ಲೆಲ್ಲಿ ನೀರು ನಿಲ್ಲತೈತಿ, ನಲ್ಲಿ ಎಷ್ಟ ದಿನಕ್ಕ ಬರತೈತಿ, ಆಮ್ಯಾಲ ಪ್ಲಾಟು. ಅಣ್ಣ ಏನೂ ಹೇಳದೆ ಇಡುತ್ತಾನೆ.

ಚಹಾದವನು ಎದುರಿನ ಓಣಿ ತೋರಿಸುತ್ತಾನೆ. ಕಿರಿದು, ಗಟಾರದ ವಾಸನೆ ಇದೆ, ಆದರೆ ಗಟಾರ ಹರಿಯುತ್ತಿದೆ. ಈಗಷ್ಟೇ ಬಿದ್ದ ಮಳೆಯ ನೀರು ಎಲ್ಲಿಯೂ ನಿಂತಿಲ್ಲ. ಮನೆ ಹಳೆಯದು, ಎರಡೇ ಕೋಣೆ. ನೀವು ಮೊದಲು ಕಿಟಕಿಯ ಮೂಲೆಗಳನ್ನು ಸವರಿ ನೋಡುತ್ತೀರಿ. ಮನೆಯೊಡತಿ ಕೈಕಟ್ಟಿ ನಿಂತು ಅನುಮಾನದಿಂದ ಕೇಳುತ್ತಾರೆ:

"ಮಂದಿ ಎಷ್ಟ ಅದೀರಿ? ಮೂರ ತಿಂಗಳ ಅಡ್ವಾನ್ಸ್ ಆಕೈತಿ ನೋಡ್ರಿ."