ತಪಸ್ಸಲ್ಲ, ತಾಪಸ್

ತಾಪಸ್ ಎಂಬ ಮಾತು ಕಿವಿಗೆ ಬಿದ್ದರೆ ಕನ್ನಡಿಗರಿಗೆ ಜಟೆ, ಕಮಂಡಲು, ಕೃಷ್ಣಾಜಿನಗಳು ನೆನಪಾಗುವುದು ಸಹಜ. ಸ್ಪೇನ್ ದೇಶದಲ್ಲಾದರೋ ಈ ಮಾತಿಗೂ ಉಪವಾಸಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧ. ಅಲ್ಲಿ 'ತಾಪ' ಎಂದರೆ ಮುಚ್ಚಳ. ಹಿಂದೆ ಪಾನೀಯದ ಲೋಟಕ್ಕೆ ನೊಣ ಬೀಳದಿರಲೆಂದು ಮೇಲೊಂದು ಚೂರು ರೊಟ್ಟಿಯನ್ನೋ ಮಾಂಸದ ತುಣುಕನ್ನೋ ಮುಚ್ಚಿ ಕೊಡುತ್ತಿದ್ದರಂತೆ. ಕಥೆ ನಿಜವೋ ಸುಳ್ಳೋ, ಇಂದು ಲೋಟದ ಜೊತೆಗೆ ಬರುವ ಪುಟ್ಟ ತಟ್ಟೆಯ ತಿಂಡಿಗೆಲ್ಲ ಅದೇ ಹೆಸರು. ಒಂದಾದರೆ ತಾಪ, ಹಲವಾದರೆ ತಾಪಸ್.

ಸರಕಾರಿ ಗುಮಾಸ್ತನ ಹಣೆಯಲ್ಲಿ ವರ್ಗಾವಣೆ ಬರೆದೇ ಇರುತ್ತದೆ. ನಮ್ಮ ಹಣೆಯಲ್ಲಿ ವಿಧಿ ಅದನ್ನು ಸ್ವಲ್ಪ ಉದ್ದವಾಗಿಯೇ ಗೀಚಿದ್ದರಿಂದ 2018ರ ಶರತ್ಕಾಲದಲ್ಲಿ ದೆಹಲಿ ಬಿಟ್ಟು ಮ್ಯಾಡ್ರಿಡ್ ಸೇರಿದೆವು. ನಾವು ಎಂದರೆ ಗಂಡ, ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು. ಮೂರನೆಯ ಮಹಡಿಯಲ್ಲಿ ಮನೆ. ಕಚೇರಿಗೆ ಹೋಗುವವರಿಗೆ ಹೇಗೋ ಹೊತ್ತು ಹೋಗುತ್ತಿತ್ತು. ಮನೆಯಾಕೆಗೆ ಮಾತ್ರ ಭಾಷೆ ಇಲ್ಲ, ನೆಂಟರಿಲ್ಲ, ಒಂದು ಕಪ್ಪು ಸಕ್ಕರೆ ಕೇಳಲು ನೆರೆಮನೆಯ ಪರಿಚಯವಿಲ್ಲ. ಚಳಿಗಾಲ ಬರುವ ಹೊತ್ತಿಗೆ "ನಾನೂ ಮಗೂನೂ ಊರಿಗೆ ಹೋಗಿಬಿಡ್ತೀವಿ" ಎಂಬ ಮಾತು ವಾರಕ್ಕೆ ಎರಡು ಸಲವಾದರೂ ಬರುತ್ತಿತ್ತು.

ಅಲ್ಲಿನ ಗಡಿಯಾರವೂ ನಮಗೆ ಒಗ್ಗಲಿಲ್ಲ. ಮಧ್ಯಾಹ್ನದ ಊಟ ಎರಡು, ಮೂರು ಗಂಟೆಗೆ. ರಾತ್ರಿಯ ಊಟ ಒಂಬತ್ತರ ಮೇಲೆ. ಇದಕ್ಕೊಂದು ಕಾರಣವೂ ಉಂಟು. ಮ್ಯಾಡ್ರಿಡ್ ನಗರ ಲಂಡನ್ನಿಗಿಂತ ಪಶ್ಚಿಮಕ್ಕಿದ್ದರೂ, 1940ರ ಮಾರ್ಚ್‌ನಲ್ಲಿ ಫ್ರಾಂಕೋ ಸರಕಾರ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಬರ್ಲಿನ್ನಿನ ವೇಳೆಗೆ ಸರಿಮಾಡಿತು. ಆಮೇಲೆ ಯಾರೂ ಅದನ್ನು ಹಿಂದಕ್ಕೆ ತಿರುಗಿಸಲಿಲ್ಲ. ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಯ ಮೇಲೆ. ಎರಡು ಊಟಗಳ ನಡುವಿನ ಈ ದೀರ್ಘ ಪ್ರಯಾಣದಲ್ಲಿ ತಾಪಸ್ ಎಂಬುದು ಹೊಟ್ಟೆಗೆ ಒಂದು ಧರ್ಮಛತ್ರವಿದ್ದಂತೆ.

ಆದರೆ ಆ ಛತ್ರದ ಹೆಸರೇ ತೊಡಕು. ಅದನ್ನು 'ಬಾರ್' ಎನ್ನುತ್ತಾರೆ. ನಮ್ಮ ಕಡೆ ಮರ್ಯಾದಸ್ಥರು ಬಾರಿನ ಮುಂದೆ ಹಾಯುವಾಗಲೂ ಮುಖ ಆಚೆ ತಿರುಗಿಸುತ್ತಾರೆ. ಅಲ್ಲಿಯಾದರೆ ಬೆಳಗಿನ ಕಾಫಿಯೂ ಬಾರಿನಲ್ಲೇ, ಅಜ್ಜಿಯರ ಹರಟೆಯೂ ಬಾರಿನಲ್ಲೇ, ಶಾಲೆ ಬಿಟ್ಟ ಮಕ್ಕಳ ತಿಂಡಿಯೂ ಬಾರಿನಲ್ಲೇ. ಒಂದು ಭಾನುವಾರ ಮಧ್ಯಾಹ್ನ ಮೇಲಿನ ಮಹಡಿಯ ಎಂಬತ್ತರ ವೃದ್ಧೆಯೊಬ್ಬರು ಮೆಟ್ಟಿಲ ಮೇಲೆ ನಮ್ಮ ಮಗಳ ಕೈ ಹಿಡಿದವರು ಬಿಡದೆ ನಮ್ಮೆಲ್ಲರನ್ನೂ ಕೆಳಗಿನ ಬಾರಿಗೆ ನಡೆಸಿಕೊಂಡು ಹೋದರು. ಸಂಜೆ ಈ ಸುದ್ದಿ ಫೋನಿನಲ್ಲಿ ತುಮಕೂರು ಮುಟ್ಟಿತು. "ಬಾರಿಗೆ ಹೋಗಿದ್ರೇನೋ? ಮಗೂನೂ ಕರ್ಕೊಂಡು?" ಎಂದರು ಅಮ್ಮ. ಕುಡಿದದ್ದು 'ಮೋಸ್ತೊ' ಎಂಬ ಹುಳಿಯದ ದ್ರಾಕ್ಷಿರಸ ಎಂದು ಹೇಳಿ ಸಮಾಧಾನಪಡಿಸಬೇಕಾಯಿತು.

ಸಸ್ಯಾಹಾರಿಗೆ ಅಲ್ಲಿ ಬದುಕು ಕಷ್ಟವೆಂದು ಹೆದರಿಸಿದ್ದರು. ಹೆದರಿಕೆಯಲ್ಲಿ ಹುರುಳಿಲ್ಲದಿಲ್ಲ. "ಮಾಂಸ ಬೇಡ" ಎಂದರೆ ಕೆಲವರು ಪ್ರಾಮಾಣಿಕವಾಗಿ ಮೀನನ್ನು ತಂದಿಡುತ್ತಾರೆ, ಅದೂ ಬೇಡವೆಂದರೆ ಹಂದಿಯ ತೊಡೆಯ ತೆಳುಪದರವನ್ನು. ಅವರ ಲೆಕ್ಕದಲ್ಲಿ ಅದು ಬರಿಯ ಒಗ್ಗರಣೆ! ಆದರೆ ಹುಡುಕುವವನಿಗೆ ದೇವರಿದ್ದಾನೆ. ಉಪ್ಪಿನಲ್ಲಿ ನೆನೆದ ಆಲಿವ್ ಕಾಯಿ, ಖಾರದ ಕೆಂಪು ಗೊಜ್ಜು ಸುರಿದ ಆಲೂಗಡ್ಡೆಯ 'ಬ್ರಾವಾಸ್', ಟೊಮೆಟೊ ಉಜ್ಜಿ ಎಣ್ಣೆ ಬಿಟ್ಟ ರೊಟ್ಟಿ, ಸೆವಿಲ್ಲೆಯ ಕಡೆಯ ಪಾಲಕ್ ಕಡಲೆ. ಈ ಕೊನೆಯದಕ್ಕೆ ಜೀರಿಗೆ ಹಾಕುವುದರಿಂದ ಕಣ್ಣು ಮುಚ್ಚಿ ತಿಂದರೆ ಊರೇ. ಪದ್ರೋನ್ ಎಂಬ ಊರಿನ ಹೆಸರಿನ ಹಸಿಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ ಉಪ್ಪುದುರಿಸಿ ಕೊಡುತ್ತಾರೆ. ಕೆಲವು ಖಾರ, ಕೆಲವು ಸಪ್ಪೆ. ಯಾವುದು ಯಾವುದೆಂದು ಕಚ್ಚಿದ ಮೇಲೆಯೇ ತಿಳಿಯಬೇಕು. ಖಾರದ ಕಾಯಿ ಸಿಕ್ಕಿ ಸ್ಪೇನಿನವರು ಹಾಹಾಕಾರ ಮಾಡುತ್ತಿದ್ದರೆ ನಾವು ಬ್ಯಾಡಗಿಯ ನಾಡಿನವರೆಂಬ ಹೆಮ್ಮೆಯಿಂದ ಇನ್ನೊಂದಕ್ಕೆ ಕೈಹಾಕುತ್ತಿದ್ದೆವು. ಆಲೂಗಡ್ಡೆಯನ್ನು ಮೊಟ್ಟೆಯಲ್ಲಿ ಬೇಯಿಸಿದ ದಪ್ಪ ದೋಸೆಯಂಥ 'ತೊರ್ತಿಯಾ' ಬಂದಾಗ ಮಾತ್ರ ನಮ್ಮಲ್ಲಿ ಧರ್ಮಜಿಜ್ಞಾಸೆ ನಡೆಯಿತು. ಮಗು ತಿನ್ನಬಹುದೆಂದು ತೀರ್ಪಾಯಿತು. ಕ್ರಮೇಣ ಆ ತೀರ್ಪಿನ ಲಾಭ ಹಿರಿಯರಿಗೂ ದೊರೆಯಿತು.

ತಿಂಡಿಗಿಂತ ದೊಡ್ಡದು ತಿನ್ನುವ ರೀತಿ. ಗ್ರನಾದದಂಥ ಊರುಗಳಲ್ಲಿ ಲೋಟವೊಂದನ್ನು ಕೊಂಡರೆ ತಾಪ ಪುಕ್ಕಟೆ. ಮ್ಯಾಡ್ರಿಡ್‌ನಲ್ಲಿ ನಾಲ್ಕು ಆಲಿವ್ ಕಾಯಿ ಪುಕ್ಕಟೆ, ಮಿಕ್ಕದ್ದಕ್ಕೆ ದುಡ್ಡು. ತಟ್ಟೆ ಯಾರೊಬ್ಬರದೂ ಅಲ್ಲ. ನಡುವೆ ಇಟ್ಟರೆ ಎಲ್ಲರ ಕೈಯೂ ಬರುತ್ತದೆ. ಈ ಸುತ್ತು ಒಬ್ಬರ ಲೆಕ್ಕ, ಮುಂದಿನದು ಇನ್ನೊಬ್ಬರದು. ಕೈಯಲ್ಲಿ ಚೂರಿದ್ದು ಎದುರಿಗೆ ಜನವಿದ್ದರೆ ವ್ಯಾಕರಣದ ಭಯ ತಾನಾಗಿ ಹೋಗುತ್ತದೆ. ನಮ್ಮ ಮನೆಯಾಕೆ ಸ್ಪ್ಯಾನಿಷ್ ಕಲಿತದ್ದು ತರಗತಿಯಲ್ಲಲ್ಲ, ಆ ಕಟ್ಟೆಯ ಮುಂದೆ ನಿಂತು. ಊರಿಗೆ ಹೋಗುವ ಮಾತು ವಾರಕ್ಕೆರಡರಿಂದ ತಿಂಗಳಿಗೊಂದಕ್ಕಿಳಿದು, ಒಂದು ದಿನ ನಿಂತೇಹೋಯಿತು.

ಈ ಬಳಕೆಯ ಬೆಲೆ ನಮಗೆ ತಿಳಿದುದು 2020ರಲ್ಲಿ. ಮಾರ್ಚ್ 14ರಂದು ಸರಕಾರ ತುರ್ತುಸ್ಥಿತಿ ಘೋಷಿಸಿತು. ಬಾರುಗಳೆಲ್ಲ ಬಾಗಿಲು ಹಾಕಿದವು. ರಾತ್ರಿ ಎಂಟಕ್ಕೆ ಬಾಲ್ಕನಿಗಳಲ್ಲಿ ನಿಂತು ವೈದ್ಯರಿಗೆ, ದಾದಿಯರಿಗೆ ಚಪ್ಪಾಳೆ ತಟ್ಟುವುದೊಂದೇ ಮುಖಾಮುಖಿ. ಏಪ್ರಿಲ್ ಮೊದಲಲ್ಲಿ ನಮ್ಮಿಬ್ಬರಿಗೂ ಜ್ವರ ಬಂದಿತು. ಮಗು ಬಾಗಿಲ ಆಚೆ, ನಾವು ಈಚೆ. ದೆಹಲಿಯೇ 7,000 ಕಿಲೋಮೀಟರಿಗಿಂತ ದೂರ, ತುಮಕೂರು ಇನ್ನೂ ಆಚೆ, ವಿಮಾನವೂ ಇಲ್ಲ. ರಾತ್ರಿ ಮಲಗುವಾಗ, ನಮಗೇನಾದರೂ ಆದರೆ ಈ ಮಗುವನ್ನು ಎತ್ತಿಕೊಳ್ಳುವವರು ಯಾರು ಎಂಬ ಮಾತನ್ನು ನಾವಿಬ್ಬರೂ ಆಡಲಿಲ್ಲ, ಇಬ್ಬರೂ ಅದನ್ನೇ ಯೋಚಿಸಿದೆವು.

ಮರುದಿನ ಕರೆಗಂಟೆ ಬಾರಿಸಿತು. ತೆರೆದು ನೋಡಿದರೆ ಯಾರೂ ಇಲ್ಲ. ಹೊಸ್ತಿಲ ಮೇಲೆ ಹಾಲು, ಅಕ್ಕಿ, ಕಿತ್ತಳೆಹಣ್ಣಿನ ಚೀಲ. ಅನಂತರ ದಿನಕ್ಕೊಬ್ಬರಂತೆ, ಕಟ್ಟೆಯ ಮುಂದೆ ಕಂಡ ಮುಖಗಳೆಲ್ಲ ಸರದಿ ಹಾಕಿಕೊಂಡವು. ಸುತ್ತಿಗೊಬ್ಬರು ಲೆಕ್ಕ ಕೊಡುವಂತೆಯೇ. ಒಂದು ದಿನ ಕೆಳಗಿನ ಬಾರಿನ ಯಜಮಾನ, ತನ್ನ ಜೀವನೋಪಾಯವೇ ಮುಚ್ಚಿಹೋಗಿದ್ದವನು, ಕಾಗದದಲ್ಲಿ ಸುತ್ತಿದ ಬಿಸಿ ತೊರ್ತಿಯಾ ಇಟ್ಟುಹೋಗಿದ್ದ. ಮೇಲೊಂದು ಚೀಟಿ: "ಹಂದಿ ಹಾಕಿಲ್ಲ." ಅದನ್ನೋದಿ ನಮ್ಮ ಮನೆಯಾಕೆ ಅತ್ತಳು. ನಮ್ಮ ಕಣ್ಣೂ ಒಣಗಿರಲಿಲ್ಲ.

ಜ್ವರ ಇಳಿಯಿತು. ಮೇ 25ರಂದು ಬೀದಿಯ ಮೇಜುಗಳಿಗೆ ಮಾತ್ರ ಅನುಮತಿ ದೊರೆತಾಗ ನಾವೂ ಹೋಗಿ ಕೂತೆವು. ಯಾರೂ ದೊಡ್ಡ ಮಾತಾಡಲಿಲ್ಲ. ಮೇಲಿನ ಮಹಡಿಯ ಅಜ್ಜಿ ಆಲಿವ್ ಕಾಯಿಯ ತಟ್ಟೆಯನ್ನು ನಮ್ಮತ್ತ ತಳ್ಳಿದರು, ಅಷ್ಟೆ.

2021ರಲ್ಲಿ ಮತ್ತೆ ದೆಹಲಿಗೆ ಬಂದೆವು. ಹೊರನಾಡಿನಲ್ಲಿರುವ ನಾವು ಕನ್ನಡಿಗರು ಒಬ್ಬರನ್ನೊಬ್ಬರು ಊಟಕ್ಕೆ ಕರೆಯುತ್ತೇವೆ. ಊಟವೆಂದರೆ ಹೋಳಿಗೆ, ಕೋಸಂಬರಿ, ಎರಡು ಪಲ್ಯ ಆಗಲೇಬೇಕು. ಅದಕ್ಕೆ ಬಿಡುವಾಗದೆ ವರ್ಷ ಕಳೆಯುತ್ತದೆ. ಈಗ ಭಾನುವಾರ ಹನ್ನೆರಡಕ್ಕೆ ನಮ್ಮ ವಸತಿಯ ನಾಲ್ಕು ಮನೆಯವರು ಮೆಟ್ಟಿಲ ಬಳಿ ನಿಲ್ಲುತ್ತೇವೆ. ಮನೆಗೊಂದೇ ತಟ್ಟೆ: ನಮ್ಮದು ನಿಪ್ಪಟ್ಟು, ಬಂಗಾಳಿಯವರದು ಬದನೆಕಾಯಿ ಬಜ್ಜಿ. ವಾಚಕರೂ ಮಾಡಿ ನೋಡಬಹುದು. ಖರ್ಚು ಕಡಿಮೆ, ಪಾತ್ರೆ ತೊಳೆಯುವ ಕೆಲಸವೂ ಕಡಿಮೆ, ನೆರೆಯವರ ಹೆಸರು ಮಾತ್ರ ಎಲ್ಲರಿಗೂ ಗೊತ್ತಿರುತ್ತದೆ.