ಸಿಮ್ ಯಾರ ಹೆಸರಿನಲ್ಲಿದೆ?

ಕರಾವಳಿಯ ಊರುಗಳಷ್ಟಲ್ಲದಿದ್ದರೂ ನಮ್ಮ ಗುಬ್ಬಿಯಿಂದಲೂ ಸೌದಿ, ದುಬೈ, ಕತರ್ ಎಂದು ದುಡಿಯಲು ಹೋದವರಿದ್ದಾರೆ. ಹೊರಡುವವರ ಮನೆಯಲ್ಲಿ ವಾರಕ್ಕೆ ಮುಂಚೆಯೇ ಸಡಗರವೂ ಶುರು, ಅಳುವೂ ಶುರು. ಉಪ್ಪಿನಕಾಯಿ, ಮಸಾಲೆ ಪುಡಿ, ಕೊಬ್ಬರಿ ಎಲ್ಲವೂ ಸೂಟ್‌ಕೇಸಿಗೆ ಸೇರುತ್ತವೆ. ಫೋನಿನ ವಿಷಯ ಮಾತ್ರ "ಅಲ್ಲಿ ಹೋದ ಮೇಲೆ ನೋಡಿಕೊಂಡರಾಯಿತು" ಎಂದು ಉಳಿದುಬಿಡುತ್ತದೆ. ಹೋದ ಮೇಲೆ ರೂಮಿನವರು ಯಾವುದು ಹೇಳುತ್ತಾರೋ ಅದೇ ಸಿಮ್. ಎಲ್ಲರೂ ಕೇಳುವ ಪ್ರಶ್ನೆಯೂ ಒಂದೇ: ಇಂಡಿಯಾಕ್ಕೆ ಮಾತಾಡಲು ಯಾವ ಕಂಪನಿ ಅಗ್ಗ?

ಹನ್ನೊಂದು ವರ್ಷ ಸೌದಿಯಲ್ಲಿದ್ದು ಬಂದ ನನಗೆ, ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಅನಿಸುತ್ತದೆ. ಆ ಸಿಮ್ ಯಾರ ಹೆಸರಿನಲ್ಲಿದೆ?

ನಾನು ಜುಬೈಲಿಗೆ ಹೋದದ್ದು 2007ರಲ್ಲಿ. ನಮ್ಮವರು ಅಲ್ಲಿನ ಕಾರ್ಖಾನೆಗಳ ರಿಪೇರಿ ಕೆಲಸ ಹಿಡಿಯುವ ಒಂದು ಕಂಪನಿಯಲ್ಲಿದ್ದರು. ಮದ್ರಸದಲ್ಲಿ ಆಲಿಮಾ ಕೋರ್ಸ್ ಮುಗಿಸಿ, ಆಮೇಲೆ ಬಿಎ ಮಾಡಿಕೊಂಡಿದ್ದವಳು ನಾನು. ಅರಬಿ ಓದಿದ್ದೇನಲ್ಲ, ಅಲ್ಲಿ ಏನೂ ಕಷ್ಟವಾಗದು ಎಂದುಕೊಂಡಿದ್ದೆ. ಕಿತಾಬಿನ ಅರಬಿಗೂ ಅಂಗಡಿಯ ಅರಬಿಗೂ ಬಹಳ ದೂರ. ಆದರೂ ಅದು ಕೈಹಿಡಿದದ್ದು ಮೊಬೈಲಿನ ವಿಷಯದಲ್ಲಿ. ಕಂಪನಿಯ ಸಂದೇಶಗಳೆಲ್ಲ ಅರಬಿಯಲ್ಲೇ ಬರುತ್ತಿದ್ದವು. ನಮ್ಮವರ ಗೆಳೆಯರು ಅವನ್ನು ಓದದೆ ಅಳಿಸಿಬಿಡುತ್ತಿದ್ದರು. ನಾನು ಕೂತು ಬಿಡಿಸುತ್ತಿದ್ದೆ. ನಾವು ಊರಲ್ಲಿ ಕರೆನ್ಸಿ ಅನ್ನುವುದಕ್ಕೆ ಅಲ್ಲಿ 'ರಸೀದ್'. ಅದು ಎಷ್ಟು ದಿನ ಇರುತ್ತದೆ ಅನ್ನುವುದಕ್ಕೆ 'ಸಲಾಹಿಯ್ಯ'. ಪ್ಯಾಕಿಗೆ 'ಬಾಕಾ', ಅಂದರೆ ಹೂವಿನ ಗೊಂಚಲು! ಸಿಮ್ಮಿಗೆ 'ಶರೀಹಾ', ಒಂದು ಹೋಳು. 'ಇಕಾಮಾ' ಎಂದರೆ ಜಮಾಅತ್ ನಿಲ್ಲುವಾಗ ಹೇಳುವುದು ಎಂದಷ್ಟೇ ನಾನು ಓದಿದ್ದೆ. ಆ ದೇಶದಲ್ಲಿ ಅದು ಪರದೇಶಿ ಇರಲು ಕೊಟ್ಟ ಪರವಾನಗಿಯ ಹೆಸರು. ಮನೆ ಬಾಡಿಗೆ, ಆಸ್ಪತ್ರೆ, ಬ್ಯಾಂಕು, ಸಿಮ್ ಎಲ್ಲವೂ ಆ ಹತ್ತು ಅಂಕಿಯ ಮೇಲೆ ನಿಂತಿದೆ.

ನಾವು ಹೋದಾಗ ಅಲ್ಲಿ ಎರಡು ಕಂಪನಿಗಳಿದ್ದವು. ಸರ್ಕಾರದ ಪಾಲಿರುವ ಎಸ್‌ಟಿಸಿ ಹಳೆಯದು. ಮೊಬೈಲಿ 2005ರಲ್ಲಿ ಶುರುವಾಗಿತ್ತು. 2008ರಲ್ಲಿ ಝೈನ್ ಬಂತು. 2014ರ ಹೊತ್ತಿಗೆ ಸ್ವಂತ ಟವರ್ ಇಲ್ಲದೆ ಬೇರೆಯವರ ಟವರಿನ ಮೇಲೆ ನಡೆಯುವ ವರ್ಜಿನ್ ಮೊಬೈಲ್, ಲೆಬಾರಾ ಬಂದವು. ಲೆಬಾರಾ ನಮ್ಮಂಥ ಪರದೇಶಿಗಳನ್ನೇ ನೋಡಿ ಬಂದದ್ದು. ಕಂಪನಿಗಳು ಹೆಚ್ಚಿದಂತೆ ದರ ಇಳಿಯಿತು. ಜುಮಾ ನಮಾಝ್ ಮುಗಿಸಿ ಬಂದವರು ಯಾರ ಪ್ಯಾಕಿನಲ್ಲಿ ಎಷ್ಟು ಹಲಲಾ ಉಳಿಯುತ್ತದೆ ಎಂದು ಬಿರಿಯಾನಿ ತಣ್ಣಗಾಗುವವರೆಗೂ ವಾದಿಸುತ್ತಿದ್ದರು.

ದರದ ಚಿಂತೆ ಸುಳ್ಳಲ್ಲ. ನಮ್ಮವರು ಮದುವೆಗೆ ಮುಂಚೆ ಅಲ್ಲಿದ್ದಾಗ ಊರಿಗೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ರಜೆಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರಂತೆ. ನಾನು ಹೋದ ಮೇಲೂ ಮಿಸ್ ಕಾಲಿನ ಲೆಕ್ಕ ನಡೆದೇ ಇತ್ತು. ಒಂದು ರಿಂಗ್ ಎಂದರೆ ಎಲ್ಲ ಕ್ಷೇಮ, ಎರಡು ರಿಂಗ್ ಎಂದರೆ ನೀವೇ ಫೋನ್ ಮಾಡಿ. ಅಲ್ಲಿ ರಾತ್ರಿ ಎಂಟು ಎಂದರೆ ಗುಬ್ಬಿಯಲ್ಲಿ ಹತ್ತೂವರೆ. ಅಮ್ಮಿ ನಿದ್ದೆಗೆಟ್ಟು ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದರು. ಅಷ್ಟು ಕಾದವರ ಜೊತೆ ಮೂರು ನಿಮಿಷ ಮಾತಾಡಿ ಕರೆನ್ಸಿ ಮುಗಿದರೆ ಆಗುವ ನೋವು ಹೇಳತೀರದು. ಹಾಗಾಗಿ ಅಗ್ಗ ಯಾವುದು ಎಂದು ಕೇಳುವವರನ್ನು ನಾನು ಎಂದೂ ನಗುವುದಿಲ್ಲ.

ಆದರೆ ಆ ಅಗ್ಗದ ಹಿಂದೆ ಇನ್ನೊಂದು ವ್ಯವಹಾರವಿತ್ತು. ಬೀದಿಯಲ್ಲಿ, ಅಂಗಡಿಯ ಮೂಲೆಯಲ್ಲಿ, ಯಾರದೋ ಹೆಸರಿನ ಸಿಮ್ ಸಿಗುತ್ತಿತ್ತು. ಕಾಗದ ಬೇಡ, ಕಾಯುವುದು ಬೇಡ. ಊರಿಗೆ ಹಿಂತಿರುಗುವವರು ತಮ್ಮ ಸಿಮ್ಮನ್ನು ರೂಮಿನವರಿಗೆ ಬಿಟ್ಟು ಹೋಗುತ್ತಿದ್ದರು. ಅದನ್ನು ಯಾರೂ ತಪ್ಪೆಂದು ಭಾವಿಸುತ್ತಿರಲಿಲ್ಲ, ಪಾತ್ರೆ, ಫ್ಯಾನು ಬಿಟ್ಟು ಹೋದ ಹಾಗೆಯೇ ಅದೂ. 2012ರಲ್ಲಿ ಅಲ್ಲಿನ ಸರ್ಕಾರ ಹೊಸ ನಿಯಮ ತಂದಿತು. ಪ್ರೀಪೇಯ್ಡ್ ಸಿಮ್ಮಿಗೆ ರೀಚಾರ್ಜ್ ಮಾಡಬೇಕಾದರೆ ಕಾರ್ಡಿನ ಸಂಖ್ಯೆಯ ಜೊತೆಗೆ, ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಇಕಾಮಾ ಸಂಖ್ಯೆಯನ್ನೂ ಒತ್ತಬೇಕು. ಎರಡೂ ತಾಳೆಯಾದರೆ ಮಾತ್ರ ಕರೆನ್ಸಿ ಏರುತ್ತದೆ. ಕೈಯಲ್ಲಿ ಕಾರ್ಡ್ ಇದೆ, ಜೇಬಿನಲ್ಲಿ ಹಣವಿದೆ, ಸಿಮ್ಮಿನ ಯಜಮಾನ ಯಾರೆಂದು ಗೊತ್ತಿಲ್ಲ! ಎಷ್ಟೋ ಜನರ ವರ್ಷಗಳ ಹಳೆಯ ಸಂಖ್ಯೆ ಹಾಗೆಯೇ ಸತ್ತಿತು.

ನಮ್ಮ ಕಟ್ಟಡದಲ್ಲಿ ಚನ್ನಪಟ್ಟಣದ ಕಡೆಯ ಒಬ್ಬ ಸಹೋದರಿ ಇದ್ದರು. ನಾನು ಅವರನ್ನು ಆಪಾ ಎನ್ನುತ್ತಿದ್ದೆ, ಅವರ ಮಕ್ಕಳು ಕುರ್‌ಆನ್ ಕಲಿಯಲು ನನ್ನ ಬಳಿ ಬರುತ್ತಿದ್ದುದರಿಂದ ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು. 2014ರಲ್ಲಿ ಅವರ ಗಂಡ ಕೆಲಸದ ಜಾಗದಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಊರಿನ ನೆಂಟರೆಲ್ಲರಿಗೂ ಗೊತ್ತಿದ್ದದ್ದು ಅವರ ಗಂಡನ ಸಂಖ್ಯೆ. ಅದು ಅವರು ದುಡಿಯುತ್ತಿದ್ದ ಕಂಪನಿ ಕೊಟ್ಟ ಸಿಮ್. ನಾಲ್ಕನೆಯ ದಿನ ಕಂಪನಿಯವರು ಲ್ಯಾಪ್‌ಟಾಪಿನ ಜೊತೆ ಅದನ್ನೂ ವಾಪಸು ತೆಗೆದುಕೊಂಡು ಹೋದರು. ಆಪಾ ಕೈಯಲ್ಲಿದ್ದ ಸಿಮ್ಮು ಗಂಡನ ಗೆಳೆಯರೊಬ್ಬರದು. ಅವರು ಕೆಲಸ ಬಿಟ್ಟು ಊರು ಸೇರಿ ವರ್ಷವಾಗಿತ್ತು. ಗಂಡ ಬದುಕಿರುವಾಗ ಅವರ ಇಕಾಮಾ ಸಂಖ್ಯೆಯನ್ನು ಎಲ್ಲಿಯೋ ಬರೆದಿಟ್ಟುಕೊಂಡು ತಾವೇ ರೀಚಾರ್ಜ್ ಮಾಡಿ ಕೊಡುತ್ತಿದ್ದರು. ಎಲ್ಲಿ ಬರೆದಿದ್ದಾರೋ ಆಪಾಗೆ ಗೊತ್ತಿಲ್ಲ.

ಪರದೇಶದಲ್ಲಿ ಒಬ್ಬರು ತೀರಿಕೊಂಡರೆ ಕಣ್ಣೀರಿಗೆ ಮುಂಚೆ ಕಾಗದ ಬೇಕು. ಪೊಲೀಸ್ ವರದಿ, ಆಸ್ಪತ್ರೆಯ ಪತ್ರ, ಊರಿನ ವಾರಸುದಾರರ ಒಪ್ಪಿಗೆ, ರಿಯಾದಿನ ಭಾರತೀಯ ರಾಯಭಾರ ಕಚೇರಿಯ ಎನ್‌ಒಸಿ. ಅಲ್ಲೇ ದಫನ್ ಮಾಡುವುದಾದರೂ ಇವೆಲ್ಲ ಆಗಬೇಕು. ಪ್ರತಿಯೊಂದಕ್ಕೂ ಯಾರೋ ಕೇಳುತ್ತಾರೆ: "ನಿಮ್ಮ ಮೊಬೈಲ್ ನಂಬರ್?" ಆಪಾ ನನ್ನ ಸಂಖ್ಯೆ ಕೊಟ್ಟರು. ಹನ್ನೆರಡು ದಿನ ಚನ್ನಪಟ್ಟಣದ ಅತ್ತೆಯ ಅಳು, ಕಂಪನಿಯ ಗುಮಾಸ್ತನ ಅರ್ಧ ಉರ್ದು ಅರ್ಧ ಅರಬಿ, ಎಲ್ಲವೂ ನನ್ನ ಫೋನಿಗೆ ಬಂತು. ಒಮ್ಮೆ ನಾನು ಮಗುವನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆ. ಆ ಒಂದು ಗಂಟೆಯಲ್ಲಿ ಊರಿನಿಂದ ಎಂಟು ಸಲ ಫೋನ್ ಬಂದಿತ್ತು. ನಾನು ಮನೆಗೆ ಬರುವಾಗ ಆಪಾ ಮೆಟ್ಟಿಲ ಮೇಲೆ ಕೂತಿದ್ದರು. ಇದ್ದತ್ತಿನಲ್ಲಿರುವ ಹೆಣ್ಣು ಒಂದು ಫೋನಿಗಾಗಿ ಮೆಟ್ಟಿಲ ಮೇಲೆ ಕೂರಬೇಕಾಯಿತಲ್ಲ ಎಂಬುದು ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ನನ್ನ ಸಿಮ್ ನನ್ನ ಇಕಾಮಾದ ಮೇಲೆಯೇ ಇತ್ತು. ಅದರಲ್ಲಿ ದೊಡ್ಡ ಜಾಣತನವೇನೂ ಇರಲಿಲ್ಲ. ನಮ್ಮವರ ಹೆಸರಿನಲ್ಲಿ ಆಗಲೇ ಎರಡಿದ್ದವು: ಮರುಭೂಮಿಯ ಸೈಟಿನಲ್ಲಿ ಸಿಗ್ನಲ್ ಸಿಗಲಿ ಎಂದು ಒಂದು, ಊರಿಗೆ ಮಾತಾಡಲು ಒಂದು. "ಇದು ನಿನ್ನ ಹೆಸರಿನಲ್ಲಿರಲಿ ಬಿಡು" ಎಂದಿದ್ದರು, ಅಷ್ಟೆ.

2016ರಿಂದ ಸೌದಿಯಲ್ಲಿ ಸಿಮ್ಮಿಗೆ ಬೆರಳಚ್ಚು ಕಡ್ಡಾಯವಾಯಿತು. ಹಳೆಯ ಸಿಮ್ ಇದ್ದವರೂ ಹೋಗಿ ಬೆರಳೊತ್ತಬೇಕಾಯಿತು. ಬೇರೆಯವರ ಹೆಸರಿನ ವ್ಯವಹಾರ ಅಲ್ಲಿಗೆ ಬಹುಮಟ್ಟಿಗೆ ನಿಂತಿತು. ಮರುವರ್ಷ, 2017ರ ಸೆಪ್ಟೆಂಬರಿನಲ್ಲಿ ಇಂಟರ್ನೆಟ್ ಕರೆಗಳ ಮೇಲಿದ್ದ ತಡೆಯನ್ನು ತೆಗೆದರು. ನಮ್ಮ ಮನೆಗಳಲ್ಲಿ 'ಇಮೋ' ಎಂಬ ಹೆಸರು ಅಜ್ಜಿಯರ ಬಾಯಲ್ಲೂ ಬಂತು. ಯುಎಇಯಲ್ಲಿ ಮಾತ್ರ ಹಾಗಲ್ಲ, ಅಲ್ಲಿ ಸರ್ಕಾರ ಅನುಮತಿ ಕೊಟ್ಟ ಆಪ್‌ಗಳಿಂದಷ್ಟೇ ಇಂಥ ಕರೆ ಮಾಡಬೇಕು. ದುಬೈಗೆ ಹೊರಟ ಮಗ ದಿನಾ ವಾಟ್ಸಾಪ್ ವೀಡಿಯೊದಲ್ಲಿ ಮುಖ ತೋರಿಸುತ್ತಾನೆ ಎಂದು ಕಾಯುವ ತಾಯಂದಿರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅದೇ 2017ರ ಜುಲೈಯಿಂದ ಸೌದಿಯಲ್ಲಿ ಕುಟುಂಬದ ಒಬ್ಬೊಬ್ಬರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ಅದು ವರ್ಷಕ್ಕೆ 100ರಂತೆ ಏರಿ 2020ರಲ್ಲಿ 400 ಆಯಿತು. ನಮ್ಮಂಥ ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿದವು. 2018ರಲ್ಲಿ ನಾನು ಮಕ್ಕಳನ್ನು ಕರೆದುಕೊಂಡು ಗುಬ್ಬಿಗೆ ಬಂದೆ. ನಮ್ಮವರು ಅಲ್ಲೇ ಉಳಿದರು. ಫೋನಿನ ಇನ್ನೊಂದು ತುದಿಗೆ ಬಂದು ಕೂತ ಮೇಲೆ, ಪರದೇಶದ ಸಿಮ್ಮಿನಷ್ಟೇ ಊರಿನ ಸಿಮ್ಮೂ ಮುಖ್ಯ ಎಂಬುದು ತಿಳಿಯಿತು.

ಹೊರಗೆ ಹೋದವರ ಬ್ಯಾಂಕ್ ಖಾತೆ ಊರಿನ ಸಂಖ್ಯೆಗೆ ಜೋಡಿಸಿರುತ್ತದೆ. ಓಟಿಪಿ ಅದಕ್ಕೇ ಬರಬೇಕು. ಮೊದಲು ಒಮ್ಮೆ ಕರೆನ್ಸಿ ಹಾಕಿಸಿ ವರ್ಷಗಟ್ಟಲೆ ಇಡಬಹುದಿತ್ತು. 2018ರ ಕೊನೆಯಿಂದ ಹಲವು ಕಂಪನಿಗಳು ಪ್ರತಿ ತಿಂಗಳ ಕನಿಷ್ಠ ರೀಚಾರ್ಜ್ ಕಡ್ಡಾಯ ಮಾಡಿದವು. ನನ್ನ ಮೈದುನ ರಿಯಾದಿನಲ್ಲಿದ್ದಾಗ ಅವನ ಸಂಖ್ಯೆ ಹೀಗೆಯೇ ನಿಂತುಹೋಯಿತು. ಕೆಲವು ತಿಂಗಳ ಮೇಲೆ ಅದೇ ಸಂಖ್ಯೆಯನ್ನು ಕಂಪನಿ ಹಾಸನದ ಕಡೆಯ ಯಾರಿಗೋ ಕೊಟ್ಟಿತ್ತು. ನಾನು ಫೋನ್ ಮಾಡಿದಾಗ ಎತ್ತಿದವರು ವಯಸ್ಸಾದ ರೈತರು. "ಯಾವುದೋ ಬ್ಯಾಂಕಿನ ಮೆಸೇಜ್ ಬರ್ತಾವೆ ತಾಯಿ, ನಾನು ನೋಡಾಕೂ ಹೋಗಿಲ್ಲ" ಎಂದರು. ಅಲ್ಲಾಹನು ಅವರಿಗೆ ಒಳಿತು ಮಾಡಲಿ. ಎಲ್ಲರ ಕೈಗೂ ಅಂಥವರೇ ಸಿಗುತ್ತಾರೆಂದು ಹೇಗೆ ನಂಬುವುದು? ಮೈದುನ ರಜೆಗೆ ಬಂದು ಬ್ಯಾಂಕಿನಲ್ಲಿ ಖುದ್ದಾಗಿ ಸಹಿ ಹಾಕುವವರೆಗೆ ಅವನ ಹಣವನ್ನು ಅವನೇ ಮುಟ್ಟಲಾಗಲಿಲ್ಲ.

ನಿಯಮ ಇಷ್ಟು: 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಸಿಮ್ಮನ್ನು ಕಂಪನಿ ನಿಲ್ಲಿಸಬಹುದು. ಆದ್ದರಿಂದ ಊರಿನ ಸಿಮ್ಮಿಗೆ ಅತಿ ಕಡಿಮೆ ಖರ್ಚಿನ, ದೀರ್ಘ ಅವಧಿಯ ಪ್ಯಾಕ್ ಕೊಡುವ ಕಂಪನಿಯನ್ನೇ ಹುಡುಕಬೇಕು. 2011ರಿಂದ ಇಡೀ ದೇಶದಲ್ಲಿ ಸಂಖ್ಯೆ ಬದಲಿಸದೆ ಕಂಪನಿ ಬದಲಿಸಬಹುದು, ಹೊರಡುವ ಮುಂಚೆಯೇ ಆ ಕೆಲಸ ಮುಗಿಸಿಕೊಳ್ಳಿ. 2024ರ ಡಿಸೆಂಬರಿನಲ್ಲಿ ಟ್ರಾಯ್, ಇಂಟರ್ನೆಟ್ ಇಲ್ಲದೆ ಕರೆ ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರ ಇರುವ ಪ್ಯಾಕ್ ಕೊಡಬೇಕೆಂದೂ, ಇಂಥ ಪ್ಯಾಕಿನ ಅವಧಿ 365 ದಿನದವರೆಗೆ ಇರಬಹುದೆಂದೂ ಹೇಳಿದೆ. ಅಂಗಡಿಯವರು ಇದನ್ನು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ಎನ್‌ಆರ್‌ಇ, ಎನ್‌ಆರ್‌ಓ ಖಾತೆ ಇರುವವರು ಸೌದಿ, ಯುಎಇ, ಒಮಾನ್, ಕತರ್ ಸೇರಿ ಹತ್ತು ದೇಶಗಳ ಸಂಖ್ಯೆಯಿಂದಲೇ ಯುಪಿಐ ಬಳಸಲು 2023ರ ಜನವರಿಯಲ್ಲಿ ಎನ್‌ಪಿಸಿಐ ಅವಕಾಶ ಕೊಟ್ಟಿತು. ನಿಮ್ಮ ಬ್ಯಾಂಕಿನಲ್ಲಿ ಅದು ಇದೆಯೇ ಎಂದು ವಿಚಾರಿಸಿ.

ಇನ್ನು ಮನೆಯಲ್ಲಿರುವ ನಾವು. ನನ್ನ ಬಳಿ ಓದುವ ಮಕ್ಕಳ ತಾಯಂದಿರನ್ನು ಕೇಳಿದರೆ, ಒಬ್ಬರ ಸಿಮ್ ಜೇಠನ ಹೆಸರಿನಲ್ಲಿ, ಇನ್ನೊಬ್ಬರದು ಅಂಗಡಿಯ ಹುಡುಗ ಯಾರದೋ ಆಧಾರ್ ಮೇಲೆ ಕೊಟ್ಟದ್ದು. ಗಂಡ ಕಳಿಸುವ ಹಣದ ಸಂದೇಶ ಬರುವುದು ಅದೇ ಸಂಖ್ಯೆಗೆ! ಸ್ವಂತ ಆಧಾರ್ ಇದೆ, ಸ್ವಂತ ಬೆರಳಿದೆ, ಸಿಮ್ ಮಾತ್ರ ಬೇರೆಯವರದು. ಇದು ಅಪನಂಬಿಕೆಯ ಮಾತಲ್ಲ. ಜೇಠ ಒಳ್ಳೆಯವರೇ ಇರಬಹುದು, ಅವರೂ ಮನುಷ್ಯರೇ, ಅವರಿಗೂ ಆಯುಷ್ಯ ಬರೆದಿಟ್ಟಿದೆ. 2023ರ ಮೇ ತಿಂಗಳಿನಿಂದ ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ'ಯಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು. ನಾವು ಕೊಳ್ಳದ ಸಿಮ್ ಅದರಲ್ಲಿ ಕಂಡರೆ ಅಲ್ಲೇ ದೂರು ಕೊಡಬಹುದು.

ಹೋದ ವರ್ಷ ನನ್ನ ಅಕ್ಕನ ಮಗ ದಮ್ಮಾಮಿಗೆ ಹೊರಟ. "ಖಾಲಾ, ಯಾವ ಸಿಮ್ ತೊಗೊಳ್ಳಲಿ?" ಎಂದು ಕೇಳಿದ. ಕೆಲಸದ ಜಾಗದಲ್ಲಿ ಯಾವುದಕ್ಕೆ ಸಿಗ್ನಲ್ ಇದೆ ಎಂದು ಅಲ್ಲಿಯವರನ್ನೇ ಕೇಳು, ಆ ಕಂಪನಿಯದೇ ತೊಗೋ ಎಂದೆ. ವಿಮಾನ ಇಳಿದ ಕೂಡಲೆ ಪಾಸ್‌ಪೋರ್ಟಿನ ಮೇಲೆ ಸಿಗುವುದು ತಾತ್ಕಾಲಿಕದ್ದು, ಇಕಾಮಾ ಬಂದ ವಾರವೇ ಅದನ್ನು ನಿನ್ನ ಇಕಾಮಾಕ್ಕೆ ಬದಲಿಸಿಕೋ. ಕಂಪನಿ ಸಿಮ್ ಕೊಟ್ಟರೆ ಬೇಡ ಅನ್ನಬೇಡ, ಆದರೆ ಊರಿನವರಿಗೆ ಆ ಸಂಖ್ಯೆ ಕೊಡಬೇಡ. ಇಕಾಮಾ ಸಂಖ್ಯೆಯನ್ನು ನಿನ್ನ ಅಮ್ಮಿಗೆ ಬರೆದು ಕಳಿಸು.

"ಅಮ್ಮಿಗೆ ಅದು ಯಾಕೆ ಖಾಲಾ?" ಎಂದು ನಕ್ಕ. ಆದರೂ ಕಳಿಸಿದ್ದಾನೆ. ಅಕ್ಕ ಎರಡು ಸಂಖ್ಯೆಗಳನ್ನೂ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದರು. ಹೊಸ ವರ್ಷಕ್ಕೆ ಕ್ಯಾಲೆಂಡರ್ ಬದಲಾಗುತ್ತದೆಂದು ನಾನು ಅವನ್ನು ರೇಷನ್ ಕಾರ್ಡಿನ ಕವರಿನ ಒಳಗೂ ಬರೆಸಿದೆ.